ಶ್… ಅಂಗಿಯ ರೇಟು ಹೇಳ್ತಿದ್ದಾರೆ

ಅಂಗಿಯ ಬೆಲೆ ಎಷ್ಟು?

ಎ) 19.15 ಪೌಂಡ್. ಬಿ) 9.18 ಪೌಂಡ್. ಸಿ) 9.15 ಪೌಂಡ್.

ತಲೆ ಕೆಡಿಸಿಕೊಳ್ಳಬೇಡಿ, ಉತ್ತರ ಸಿ. ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದಾರೆ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊ ಇದೆಯಲ್ಲ, ಅದರ ಇಂಗ್ಲಿಷ್ ಪತ್ರಿಕೆಯಲ್ಲಿ ಆಲಿಸುವ ಭಾಗದ ಶುರುವಿಗೇ ಈ ಮಾದರಿ ಪ್ರಶ್ನೆ ಕೂತಿರುತ್ತದೆ. ನಿನ್ನೆ ಮೊನ್ನೆ ಬಂದು ಕೂತಿದ್ದಲ್ಲ. ವರ್ಷಗಟ್ಟಲೆಯಿಂದ ಅದೇ ಅಂಗಿ, ಅದೇ ರೇಟು. ಈ ನಡುವೆ ಚೀನಾದಲ್ಲಿ ಮನೆಗಳ ಬೆಲೆ ಏರಿತು, ಬಿತ್ತು. ಬ್ರಿಟನ್ ಯುರೋಪ್ ಒಕ್ಕೂಟದಿಂದ ಎದ್ದು ಹೋಯಿತು. ರಾಣಿ ಹೋಗಿ ರಾಜ ಬಂದ. ಅಂಗಿ ಮಾತ್ರ ಒಂದು ಪೆನ್ನಿ ಅತ್ತ ಇತ್ತ ಆಗಲಿಲ್ಲ. ಇಷ್ಟು ಕಾಲದಲ್ಲಿ ಆದ ಸುಧಾರಣೆ ಒಂದೇ. ಮೊದಲು ಇದೇ 9.15 ಬಿ ಜಾಗದಲ್ಲಿತ್ತು, ಆಮೇಲೆ ಸಿ ಜಾಗಕ್ಕೆ ಬಂತು. ಹಣದುಬ್ಬರವನ್ನು ಇಷ್ಟು ಬಿಗಿಯಾಗಿ ಹಿಡಿದಿಟ್ಟ ಸಂಸ್ಥೆ ಜಗತ್ತಿನಲ್ಲಿ ಇನ್ನೊಂದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನವರು ಒಂದ್ಸಲ ಬೀಜಿಂಗ್‌ಗೆ ಹೋಗಿ ಪಾಠ ಹೇಳಿಸಿಕೊಂಡು ಬರಬಹುದು.

ಈ ಅಂಗಿಯ ರೇಟು ಸರಿಯಾಗಿ ಕೇಳಿಸಲಿ ಅಂತ ಒಂದು ದೇಶ ಉಸಿರು ಬಿಗಿಹಿಡಿಯುತ್ತದೆ. 2024ರಲ್ಲಿ ಗಾವೊಕಾವೊಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಹೆಚ್ಚೂಕಮ್ಮಿ ಇಡೀ ಬೆಂಗಳೂರು ಒಂದೇ ದಿನ ಪರೀಕ್ಷೆಗೆ ಕೂತಂತೆ. ಜೂನ್ 8ರ ಮಧ್ಯಾಹ್ನ 3 ಗಂಟೆಗೆ ಇಂಗ್ಲಿಷ್. ಬೇರೆ ವಿಷಯಕ್ಕಾದರೆ ಕಾಲು ಗಂಟೆ ತಡವಾದರೂ ಒಳಗೆ ಬಿಡುತ್ತಾರೆ. ಇಂಗ್ಲಿಷ್‌ಗೆ ಮಾತ್ರ 2.45ಕ್ಕೇ ಬಾಗಿಲು ಬಂದ್. ತಡವಾಗಿ ಬಂದವನ ಚಪ್ಪಲಿ ಸದ್ದು ಕೂಡ ಕೇಳಿಸಬಾರದು ನೋಡಿ. ಪರೀಕ್ಷಾ ಕೇಂದ್ರದ ಸುತ್ತಮುತ್ತ ಕಟ್ಟಡದ ಕೆಲಸ ನಿಲ್ಲುತ್ತದೆ. ಹಾರ್ನ್ ಹೊಡೆಯುವ ಹಾಗಿಲ್ಲ. ಪೊಲೀಸರು ರಸ್ತೆಗೆ ಅಡ್ಡ ನಿಂತು ಲಾರಿಗಳನ್ನು ಬೇರೆ ದಾರಿಗೆ ಕಳಿಸುತ್ತಾರೆ. (ದಕ್ಷಿಣ ಕೊರಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಪರೀಕ್ಷೆಯ ಇಂಗ್ಲಿಷ್ ಆಲಿಸುವ ಭಾಗಕ್ಕಾಗಿ 35 ನಿಮಿಷ ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ.) ಸರಿ, ಇಷ್ಟೆಲ್ಲ ಮೌನ ಮಾಡಿಸಿ ಮಕ್ಕಳಿಗೆ ಕೇಳಿಸುವುದೇನು ಅಂದರೆ, ಒಬ್ಬ ಗಂಡಸು, ಒಬ್ಬ ಹೆಂಗಸು ಸುಮಾರು ಇಪ್ಪತ್ತು ನಿಮಿಷ ಆಡುವ ಮಾತು.

ಆ ಇಬ್ಬರು ಯಾರು ಅನ್ನೋದು ನನ್ನನ್ನು ತುಂಬಾ ಕಾಡುತ್ತದೆ. ಅವರಿಗೆ ಹೆಸರಿರಬಹುದು, ಊರಿಲ್ಲ. ಕೆಮ್ಮುವುದಿಲ್ಲ. ತೊದಲುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಹಿಂದೆ ಮಗು ಅಳುವುದಿಲ್ಲ, ಕುಕ್ಕರ್ ಕೂಗುವುದಿಲ್ಲ. ಯಾವ ದೇಶದಲ್ಲಿ ಗಂಡ ಹೆಂಡತಿ ಹೀಗೆ ಮಾತಾಡುತ್ತಾರೆ ಹೇಳಿ. ಒಂದು ಪ್ರಶ್ನೆಯಂತೂ ಇದೇ ಕೇಳುತ್ತದೆ: ಇವರಿಬ್ಬರ ಸಂಬಂಧ ಏನಿರಬಹುದು? ಗಂಡ ಹೆಂಡತಿಯೋ, ಸಾಹೇಬರು ಸೆಕ್ರೆಟರಿಯೋ, ಮೇಷ್ಟ್ರು ವಿದ್ಯಾರ್ಥಿಯೋ? ಇವತ್ತಿನ ಕಾಲದಲ್ಲಿ ಅಷ್ಟು ಸಣ್ಣ ಸಂಭಾಷಣೆ ಕೇಳಿ ಸಂಬಂಧ ತೀರ್ಮಾನ ಮಾಡೋದು ಕೋರ್ಟಿಗೂ ಕಷ್ಟ. ಹದಿನೇಳು ಹದಿನೆಂಟರ ಹುಡುಗನಿಗೆ ಕೊಡುವುದು 10 ಸೆಕೆಂಡು. ಆ 10 ಸೆಕೆಂಡಿನಲ್ಲೇ ಮುಂದಿನ ಪ್ರಶ್ನೆಯನ್ನೂ ಓದಿಕೊಳ್ಳಬೇಕು. ಮೊದಲ ಐದು ಸಂಭಾಷಣೆ ಒಂದೇ ಸಲ ಕೇಳಿಸುತ್ತಾರೆ. ‘ಏನಂದ್ರಿ?’ ಅಂತ ಮತ್ತೆ ಕೇಳುವ ಹಾಗಿಲ್ಲ. ಭಾಷೆ ಕಲಿಯುವವನು ಜಾಸ್ತಿ ಬಳಸುವ ಮಾತೇ ಅದು, ಅಲ್ವಾ? ಪರೀಕ್ಷೆಯಲ್ಲಿ ನಿಷೇಧ.

ಇನ್ನು ಇವರ ಸ್ವಭಾವ. ಆ ಹೆಂಗಸು ಏನೇ ಕೇಳಲಿ, ಗಂಡಸು ಮೊದಲು ಒಪ್ಪಿಕೊಳ್ಳುತ್ತಾನೆ, ಆಮೇಲೆ ‘ಆದರೆ’ ಅನ್ನುತ್ತಾನೆ.

‘ನಾಳೆ ಸಿನಿಮಾಕ್ಕೆ ಬರ್ತೀಯಾ?’

‘ಬರೋದಕ್ಕೆ ತುಂಬಾ ಆಸೆ, ಆದರೆ ಲೈಬ್ರರಿಗೆ ಹೋಗಬೇಕು.’

ಪ್ರಶ್ನೆ: ಗಂಡಸು ಎಲ್ಲಿಗೆ ಹೋಗುತ್ತಾನೆ? ಚೀನಾದ ಹುಡುಗರಿಗೆ ಇದು ನೀರು ಕುಡಿದಷ್ಟು ಸುಲಭ. ‘ಆದರೆ’ ಬರುವ ತನಕ ನಿದ್ದೆ ಮಾಡಿದರೂ ನಡೆಯುತ್ತದೆ, ಉತ್ತರ ಇರುವುದು ಅದರ ಆಚೆಗೆ. ರೇಟು ಕೇಳಿದ್ದರೆ ಮೊದಲು ಕಿವಿಗೆ ಬಿದ್ದ ಅಂಕಿ ಸುಳ್ಳು. ಸಮಯ ಕೇಳಿದ್ದರೆ ಕೂಡಿಸು ಇಲ್ಲವೇ ಕಳೆ. ವರ್ಷಗಟ್ಟಲೆ ಕಲಿತ ಇಂಗ್ಲಿಷ್‌ನ ಸಾರ ಇಷ್ಟು: ಬಿಳಿಯನ ಮೊದಲ ಮಾತನ್ನು ನಂಬಬೇಡ. ಇತಿಹಾಸ ಓದಿದವರು ಇದನ್ನು ಅಫೀಮು ಯುದ್ಧದಿಂದಲೇ ಕಲಿಯಬಹುದಿತ್ತು, ಹೆಡ್‌ಫೋನಿನ ಖರ್ಚು ಉಳಿಯುತ್ತಿತ್ತು.

ಆ ಇಬ್ಬರ ಇಂಗ್ಲಿಷ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ನೋಡೋಣ. ಝೆಜಿಯಾಂಗ್ ಪ್ರಾಂತ್ಯದಲ್ಲಿ ಯಿವು ಅಂತ ಊರಿದೆ. ಸಣ್ಣಪುಟ್ಟ ಸಾಮಾನಿನ ಹೋಲ್‌ಸೇಲ್ ಮಾರುಕಟ್ಟೆಗೆ ಜಗತ್ತಿನಲ್ಲೇ ಹೆಸರು ಮಾಡಿದ್ದು, ಅಂಗಡಿಗಳೇ ಸುಮಾರು 75,000. ನಮ್ಮ ಚಿಕ್ಕಪೇಟೆಯಲ್ಲಿ ಸಿಗುವ ಆಟದ ಸಾಮಾನು, ಹೇರ್‌ಕ್ಲಿಪ್ಪು, ಅಲಂಕಾರದ ಸರದ ಮೇಲೆ ಊರಿನ ಹೆಸರು ಇರುವುದಿಲ್ಲ, ಆದರೆ ಯಿವು ಕಡೆಯಿಂದ ಬಂದ ಮಾಲು ಎಷ್ಟೋ ಇರುತ್ತದೆ. ಅಲ್ಲಿ ಖರೀದಿಗೆ ಬರುವವರು ಅರಬರು, ಆಫ್ರಿಕಾದವರು, ನಮ್ಮವರು. ಒಬ್ಬೊಬ್ಬನದು ಒಂದೊಂದು ಇಂಗ್ಲಿಷ್. ಅಂಗಡಿಯಾಕೆಯದು ಇನ್ನೊಂದು. ವ್ಯವಹಾರ ಹೇಗೆ ನಡೆಯುತ್ತದೆ ಗೊತ್ತಾ? ಆಕೆ ಕ್ಯಾಲ್ಕುಲೇಟರ್ ಒತ್ತಿ ಮುಂದೆ ಹಿಡಿಯುತ್ತಾಳೆ. ಇವನು ತಲೆ ಅಲ್ಲಾಡಿಸಿ ಅದನ್ನು ಕಿತ್ತುಕೊಂಡು ಇನ್ನೊಂದು ಅಂಕಿ ಒತ್ತುತ್ತಾನೆ. ನಾಲ್ಕು ಸಲ ಅತ್ತ ಇತ್ತ ಹೋದರೆ ಕಂಟೇನರ್ ತುಂಬುವ ಮಾಲು ಮಾರಾಟ. ಪರೀಕ್ಷೆಯಲ್ಲಿ ಈ ಇಬ್ಬರಿಗೂ ಸೊನ್ನೆ.

ನಾನು ನಿಜವಾಗಿ ಬೆರಗಾಗಿದ್ದು ಹೆನಾನ್ ಪ್ರಾಂತ್ಯದ ಲೆಕ್ಕ ನೋಡಿ. 10 ಲಕ್ಷಕ್ಕೂ ಜಾಸ್ತಿ ಮಕ್ಕಳು ಪರೀಕ್ಷೆ ಬರೆಯುವ ಪ್ರಾಂತ್ಯ. ಇಂಗ್ಲಿಷ್ ಪತ್ರಿಕೆ 150 ಅಂಕದ್ದು, ಅದರಲ್ಲಿ ಆಲಿಸುವ ಭಾಗಕ್ಕೆ 30. ಅಲ್ಲಿ ತುಂಬಾ ವರ್ಷ ಏನು ನಡೆಯಿತು ಅಂದರೆ, ಆಲಿಸುವ ಪರೀಕ್ಷೆ ಮಾಡುವುದು ಮಾಡುವುದೇ. ಮೌನ ಮೌನವೇ. 2.45ಕ್ಕೆ ಬಾಗಿಲು ಬಂದ್ ಬಂದೇ. ಮಕ್ಕಳು ಕಿವಿ ನೆಟ್ಟಗೆ ಮಾಡಿಕೊಂಡು ಇಪ್ಪತ್ತು ಉತ್ತರ ತುಂಬುವುದೂ ಹೌದು. ಆಮೇಲೆ ಆ 30 ಅಂಕವನ್ನು ಒಟ್ಟು ಮೊತ್ತಕ್ಕೆ ಸೇರಿಸುವುದಿಲ್ಲ! ಕಾಲೇಜುಗಳು ಬೇಕಾದರೆ ನೋಡಿಕೊಳ್ಳಲಿ ಅಂತ ಪಕ್ಕಕ್ಕೆ ಬರೆದಿಡುತ್ತಾರೆ. ಹಾಗಾದರೆ 120 ಆಯಿತಲ್ಲ, 150 ಹೇಗೆ ಮಾಡುವುದು? ಬಂದಷ್ಟನ್ನು 1.25ರಿಂದ ಗುಣಿಸಿ. ಓದಿ ಬರೆದು 90 ತೆಗೆದವನಿಗೆ 112.5.

ಈ ಗುಣಾಕಾರದ ಒಳಗೆ ಎಂಥ ದರ್ಶನವಿದೆ ನೋಡಿ. ಕಿವಿಯ ಕೆಲಸಕ್ಕೆ ಕಣ್ಣಿಗೆ ಸಂಬಳ. ಏನೂ ಕೇಳಿಸಿಕೊಳ್ಳದ ಹುಡುಗ, ಎಲ್ಲ ಕೇಳಿಸಿಕೊಂಡ ಹುಡುಗಿ, ಇಬ್ಬರೂ ಒಂದೇ. ಹಳ್ಳಿಯ ಶಾಲೆಗಳಲ್ಲಿ ಒಳ್ಳೆಯ ಉಪಕರಣವಿಲ್ಲ, ಎಲ್ಲ ಕಡೆ ಸ್ಪೀಕರ್ ಒಂದೇ ಥರ ಕೇಳಿಸಲ್ಲ, ಆದ್ದರಿಂದ ಅಂಕ ಸೇರಿಸಿದರೆ ಅನ್ಯಾಯ ಅನ್ನುವ ವಾದ ಇದೆ. ಒಪ್ಪಿದೆ. ಹಾಗಿದ್ದರೆ ಒಂದೋ ಸ್ಪೀಕರ್ ಕೊಡಿಸಬೇಕು, ಇಲ್ಲ ಪರೀಕ್ಷೆ ಬಿಡಬೇಕು. ಅವರು ಮೂರನೇ ದಾರಿ ಕಂಡುಹಿಡಿದರು. ಪರೀಕ್ಷೆ ಇರಲಿ, ಫಲಿತಾಂಶ ಬೇಡ. ಸರ್ಕಾರಿ ಕಚೇರಿಯಲ್ಲಿ ಅಹವಾಲು ಸ್ವೀಕರಿಸುವ ದಿನ ಅಂತ ಇರುತ್ತದಲ್ಲ, ಆ ಕುರ್ಚಿಯಲ್ಲಿ ಕೂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಶಾಂಡೊಂಗ್‌ನವರದು ಇನ್ನೊಂದು ಪಂಥ. ಅಲ್ಲಿ ಆಲಿಸುವ ಪರೀಕ್ಷೆಯನ್ನು ಬೇರೆ ಮಾಡಿ ಜನವರಿಯ ಚಳಿಗೆ ಇಟ್ಟರು. ಒಂದೇ ದಿನ ಎರಡು ಸಲ ಪರೀಕ್ಷೆ, ಜಾಸ್ತಿ ಬಂದ ಅಂಕ ಲೆಕ್ಕಕ್ಕೆ. ಜನವರಿಯಲ್ಲಿ ಕಿವಿಯ ಪರೀಕ್ಷೆ, ಜೂನ್‌ನಲ್ಲಿ ಕಣ್ಣಿನದು. ಬೀಜಿಂಗ್‌ನಲ್ಲಿ 2021ರಿಂದ ಕೇಳುವುದಕ್ಕೂ ಮಾತಾಡುವುದಕ್ಕೂ ಸೇರಿ 50 ಅಂಕ, ಎಲ್ಲ ಕಂಪ್ಯೂಟರ್ ಮುಂದೆ. ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂತು ಮಷೀನಿನ ಜೊತೆ ಏಕಕಾಲಕ್ಕೆ ಸ್ನೇಹದಿಂದ ಹರಟುತ್ತಾರೆ. ಇದೇ ಬೀಜಿಂಗ್ 2013ರಲ್ಲಿ ಇಂಗ್ಲಿಷ್‌ನ ಅಂಕವನ್ನು 150ರಿಂದ 100ಕ್ಕೆ ಇಳಿಸುತ್ತೇವೆ, ಚೀನಿ ಭಾಷೆಯದನ್ನು 180ಕ್ಕೆ ಏರಿಸುತ್ತೇವೆ ಅಂತ ಪ್ರಸ್ತಾಪ ಮಾಡಿತ್ತು. ದೊಡ್ಡ ಚರ್ಚೆಯಾಯಿತು. ಇಂಗ್ಲಿಷ್ ಈಗಲೂ 150ರಲ್ಲೇ ಇದೆ.

ಅಂಕದ ವಿಷಯದಲ್ಲಿ ಅವರಿಗೆ ಮೊದಲಿನಿಂದಲೂ ಅನುಮಾನ. ಸಾಂಸ್ಕೃತಿಕ ಕ್ರಾಂತಿ ಮುಗಿದು 1977ರಲ್ಲಿ ಗಾವೊಕಾವೊ ಮತ್ತೆ ಶುರುವಾದಾಗ ಹೆಚ್ಚಿನವರಿಗೆ ಇಂಗ್ಲಿಷ್ ಬೇಕಿರಲಿಲ್ಲ. 1979ರಲ್ಲಿ ಇಂಗ್ಲಿಷ್ ಅಂಕದ ಶೇ. 10ರಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರು. ಮರುವರ್ಷ ಶೇ. 30, ಆಮೇಲೆ 50, ಆಮೇಲೆ 70. 1983ಕ್ಕೆ ಪೂರ್ತಿ 100. ಅಪರಿಚಿತ ಅಳಿಯನನ್ನು ಮೊದಲ ವರ್ಷ ಜಗಲಿಯಲ್ಲಿ, ಮರುವರ್ಷ ನಡುಮನೆಯಲ್ಲಿ ಕೂರಿಸಿದ ಹಾಗೆ. ಅಡುಗೆಮನೆಗೆ ಬಂದ ಮೇಲೆ ಅವನು ಹೊರಗೆ ಹೋಗುತ್ತಿಲ್ಲ.

ಓದುವ ಭಾಗಕ್ಕೆ ಬರೋಣ. ಇಲ್ಲಿ ಗದ್ದಲದ ಭಯವಿಲ್ಲ, ಲೇಖಕರ ಭಯವಿದೆ. ‘ಈ ವಿಷಯದ ಬಗ್ಗೆ ಲೇಖಕನ ಧೋರಣೆ ಏನು?’ ನಾಲ್ಕು ಆಯ್ಕೆ. ಯಾವುದೋ ಇಂಗ್ಲಿಷ್ ಪತ್ರಿಕೆಗೆ ಚಿಟ್ಟೆಗಳ ಬಗ್ಗೆ ಬರೆದ ಬಡಪಾಯಿಯನ್ನೇ ಕರೆಸಿ ಕೇಳಿದರೆ, ದುಡ್ಡು ಬಂತಾ ಅನ್ನೋದೊಂದೇ ನನ್ನ ಧೋರಣೆ ಅಂದಾನು. ಆ ಆಯ್ಕೆ ಪತ್ರಿಕೆಯಲ್ಲಿ ಇರುವುದಿಲ್ಲ. ಇನ್ನೊಂದರಲ್ಲಿ ಲೇಖನದಿಂದ ಐದು ವಾಕ್ಯ ಕಿತ್ತು, ಏಳು ವಾಕ್ಯ ಕೈಗೆ ಕೊಟ್ಟು, ಸರಿಯಾದ ಐದನ್ನು ಜೋಡಿಸು ಅನ್ನುತ್ತಾರೆ. ಮೊದಲೇ ಚೆನ್ನಾಗಿದ್ದ ಲೇಖನವನ್ನು ಹಾಳು ಮಾಡಿ, ರಿಪೇರಿಗೆ ಮಕ್ಕಳನ್ನು ಕರೆಯುವುದು. ಬರೆಯುವ ಭಾಗದಲ್ಲಿ ಲಿ ಹುವಾ ಅನ್ನುವ ಒಬ್ಬ ಇದ್ದಾನೆ. ‘ನೀನು ಲಿ ಹುವಾ ಅಂದುಕೋ, ನಿನ್ನ ವಿದೇಶಿ ಗೆಳೆಯನಿಗೆ ಪತ್ರ ಬರೆ.’ 1990ರ ದಶಕದಿಂದ ಕೋಟಿಗಟ್ಟಲೆ ಮಕ್ಕಳು ಅವನಾಗಿ ಪತ್ರ ಬರೆದಿದ್ದಾರೆ. ಹಾಳಾದ ಆ ಗೆಳೆಯ ಒಂದಕ್ಕೂ ಉತ್ತರ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ಅದಕ್ಕೆ ಅಂಕವಿಲ್ಲವಲ್ಲ. ಹೆಬೈ ಪ್ರಾಂತ್ಯದ ಹೆಂಗ್‌ಶುಯಿಯ ಹೆಸರಾಂತ ಪರೀಕ್ಷಾ ಶಾಲೆಯಿಂದ ಹುಟ್ಟಿದ ಇಂಗ್ಲಿಷ್ ಕೈಬರಹ ನೋಡಬೇಕು ನೀವು. ಪ್ರಿಂಟರ್‌ನಿಂದ ಬಂದ ಹಾಗೆ ದುಂಡಗೆ, ಒಂದೇ ಅಳತೆ. ಸ್ಕ್ಯಾನ್ ಮಾಡಿದ ಉತ್ತರವನ್ನು ಸ್ಕ್ರೀನಿನಲ್ಲಿ ನೋಡುತ್ತಾ ಸರಸರ ಅಂಕ ಹಾಕುವವರ ಕಣ್ಣಿಗೆ ಹಿತವಾಗಲಿ ಅಂತ. ಅದನ್ನು ಕಲಿಸಲು ಕಾಪಿ ಪುಸ್ತಕಗಳೂ ಮಾರಾಟಕ್ಕಿವೆ.

2018ರ ನವೆಂಬರ್‌ನಲ್ಲಿ ಝೆಜಿಯಾಂಗ್‌ನಲ್ಲಿ ನಡೆದದ್ದನ್ನು ಬಿಟ್ಟರೆ ಈ ಅಂಕಣ ಪೂರ್ತಿಯಾಗುವುದಿಲ್ಲ. ಅಲ್ಲಿ ಇಂಗ್ಲಿಷ್ ಪರೀಕ್ಷೆಗೆ ಎರಡು ಅವಕಾಶ, ಯಾವುದು ಜಾಸ್ತಿ ಬಂತೋ ಅದು. ಆ ಸಲದ ಪತ್ರಿಕೆ ಕಷ್ಟವಾಯಿತು. ಕಷ್ಟವಾಯಿತು ಅಂತ ಸುಮ್ನೆ ಬಿಡಬಹುದಿತ್ತು. ಅಧಿಕಾರಿಗಳಿಗೆ ಕರುಣೆ ಉಕ್ಕಿತು. ಯಾರಿಗೂ ಮೊದಲೇ ಹೇಳದೆ, ಓದುವ ಭಾಗದ ಮತ್ತು ಭಾಷಾ ಬಳಕೆಯ ಭಾಗದ ಕೆಲವು ಪ್ರಶ್ನೆಗಳ ಅಂಕಗಳನ್ನು ತೂಕ ಹಾಕಿ ಹೆಚ್ಚಿಸಿದರು. ಫಲಿತಾಂಶ ನೋಡಿ ಮನೆ ಮನೆಯಲ್ಲಿ ಜಗಳ. ಎಲ್ಲರೂ ಎಣಿಸಿ ಇಟ್ಟುಕೊಂಡಿದ್ದ ಅಂಕವೇ ಬೇರೆ, ಬಂದದ್ದೇ ಬೇರೆ. ಪರೀಕ್ಷೆ ಬರೆದ ಮೇಲೆ ಪ್ರಶ್ನೆಯ ಬೆಲೆ ಬದಲಾಗುತ್ತದೆ ಅಂದರೆ, ಗೊತ್ತಿದ್ದರೆ ಯಾವುದಕ್ಕೆ ಜಾಸ್ತಿ ಸಮಯ ಕೊಡಬೇಕಿತ್ತು? ಪ್ರಾಂತ್ಯ ಸರ್ಕಾರ ತನಿಖೆ ಮಾಡಿತು. ಡಿಸೆಂಬರ್ 5ಕ್ಕೆ ಆ ತೂಕವನ್ನೆಲ್ಲ ರದ್ದು ಮಾಡಿ ಮೂಲ ಅಂಕಗಳನ್ನೇ ವಾಪಸ್ ಕೊಟ್ಟರು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಕುರ್ಚಿ ಹೋಯಿತು. ಕೊನೆಗೂ ಒಬ್ಬರಿಗೆ ಓದುವ ಭಾಗದಿಂದ ಜೀವನದಲ್ಲಿ ಏನಾದರೂ ಬದಲಾಯಿತು.

ಇಷ್ಟೆಲ್ಲ ನೋಡಿ ಕೆಲವು ಜಾಣ ಮಕ್ಕಳು ಇಂಗ್ಲಿಷ್ ಬಿಟ್ಟು ಜಪಾನಿ ಭಾಷೆ ಹಿಡಿಯುತ್ತಿದ್ದಾರೆ. ಗಾವೊಕಾವೊದಲ್ಲಿ ವಿದೇಶಿ ಭಾಷೆ ಅಂದರೆ ಇಂಗ್ಲಿಷೇ ಆಗಬೇಕಿಲ್ಲ, ಆರು ಭಾಷೆಯಲ್ಲಿ ಒಂದು ಸಾಕು. ಚಿಕ್ಕಂದಿನಿಂದ ಓದಿದ ಇಂಗ್ಲಿಷ್‌ನಲ್ಲಿ ಪಾಸಾಗದವನು ಪ್ರೌಢಶಾಲೆಯಲ್ಲಿ ಹೊಸದಾಗಿ ಜಪಾನಿ ಕಲಿತು ಒಳ್ಳೆಯ ಅಂಕ ತೆಗೆಯುತ್ತಾನೆ. ಇಂಗ್ಲಿಷ್ ಪಾಠದ ಇದಕ್ಕಿಂತ ಒಳ್ಳೆಯ ವಿಮರ್ಶೆ ಯಾರೂ ಬರೆದಿಲ್ಲ.

ಪಾಠ ಹೇಳಿದವರ ಗತಿಯೇನು? 2021ರ ಜುಲೈನಲ್ಲಿ ಶಾಲಾ ಮಕ್ಕಳಿಗೆ ಲಾಭಕ್ಕಾಗಿ ನಡೆಸುವ ಟ್ಯೂಷನ್ ಮೇಲೆ ಸರ್ಕಾರ ಚಾಟಿ ಬೀಸಿತು. ಇಂಗ್ಲಿಷ್ ಕೋಚಿಂಗ್‌ನಿಂದಲೇ ಬೆಳೆದ ನ್ಯೂ ಓರಿಯೆಂಟಲ್ ಕಂಪನಿ ಸುಮಾರು 60,000 ಜನರನ್ನು ಮನೆಗೆ ಕಳಿಸಿತು, ಖಾಲಿ ಬಿದ್ದ ಡೆಸ್ಕು ಕುರ್ಚಿಗಳನ್ನು ಹಳ್ಳಿ ಶಾಲೆಗಳಿಗೆ ದಾನ ಕೊಟ್ಟಿತು. ಉಳಿದ ಮೇಷ್ಟ್ರುಗಳು 2022ರಲ್ಲಿ ಮೊಬೈಲ್ ಲೈವ್‌ನಲ್ಲಿ ನಿಂತು ಜೋಳ, ಅಕ್ಕಿ, ಮಾಂಸ ಮಾರಿದರು, ನಡುನಡುವೆ ಇಂಗ್ಲಿಷ್ ಹೇಳಿಕೊಡುತ್ತಾ. ಜನ ಮುಗಿಬಿದ್ದರು. ಪರೀಕ್ಷೆಯೇ ಇಲ್ಲದ ಇಂಗ್ಲಿಷ್ ಕ್ಲಾಸು, ಮೇಲೆ ಜೋಳವೂ ಮನೆಗೆ ಬರುತ್ತೆ!

2025ರ ಗಾವೊಕಾವೊದಲ್ಲಿ ಹೊಸದೊಂದು ಸೇರಿತು. ಅಲಿಬಾಬಾ, ಟೆನ್ಸೆಂಟ್, ಬೈಟ್‌ಡ್ಯಾನ್ಸ್ ತಮ್ಮ ಎಐ ಆ್ಯಪ್‌ಗಳಲ್ಲಿ ಪ್ರಶ್ನೆಯ ಫೋಟೋ ಓದುವ ಸೌಲಭ್ಯವನ್ನು ಪರೀಕ್ಷೆಯ ಸಮಯಕ್ಕೆ ಆಫ್ ಮಾಡಿದವು. ಕಾಪಿ ಹೊಡೆಸುವ ದಂಧೆ ನಡೆಸುವವರಿಗೆ 2015ರಿಂದ ಜೈಲು ಕೂಡ ಇದೆ, 7 ವರ್ಷದ ತನಕ. 2015ರಲ್ಲೇ ಹೆನಾನ್‌ನ ಲುವೊಯಾಂಗ್‌ನಲ್ಲಿ ಕಳ್ಳ ಸಿಗ್ನಲ್ ಹಿಡಿಯಲು ಡ್ರೋನ್ ಹಾರಿಸಿದ್ದರು. ಅಂದರೆ ಮಷೀನಿಗೂ ಈಗ ಬಾಯಿ ಮುಚ್ಚು ಅನ್ನುವ ಆದೇಶ. ಪರೀಕ್ಷೆ ಮುಗಿಯಿತೋ ಇಲ್ಲವೋ, ಅದೇ ಪ್ರಶ್ನೆಪತ್ರಿಕೆಯನ್ನು ಅದೇ ಮಷೀನಿಗೆ ಕೊಟ್ಟು ಎಷ್ಟು ಬಂತು ಅಂತ ನೋಡುವುದು ಅಲ್ಲಿ ಜೂನ್ ತಿಂಗಳ ಹೊಸ ಹವ್ಯಾಸ. ಇಂಗ್ಲಿಷ್‌ನಲ್ಲಿ ಒಳ್ಳೆಯ ಅಂಕವೇ ಬರುತ್ತದೆ. 1.25ರಿಂದ ಗುಣಿಸಿದರೋ ಇಲ್ಲವೋ ಅಂತ ಮಾತ್ರ ಯಾರೂ ಹೇಳುವುದಿಲ್ಲ.