ಅಭಿನಂದನೆಗಳು, ನಿಮ್ಮ ಕಟ್ಟಡ ಬೀಳುವಂತಿದೆ!

ಮುಂಬೈನ ಮಾಟುಂಗಾದಲ್ಲಿ ಮನೆ ಕೊಳ್ಳಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೋಡೆ ಗಟ್ಟಿ ಇದೆಯಾ ಅಂತ ಮಾತ್ರ ಕೇಳಬೇಡಿ. ಬ್ರೋಕರ್ ಮುಖ ಸಪ್ಪಗಾಗುತ್ತದೆ. ಬಿರುಕು ಎಲ್ಲೆಲ್ಲಿದೆ, ಮಳೆಗಾಲದಲ್ಲಿ ಎಷ್ಟು ಬಕೆಟ್ ಇಡಬೇಕು ಅಂತ ಕೇಳಿ. ತಕ್ಷಣ ಚಹಾ ಬರುತ್ತದೆ. ‘ಪ್ಲಾಸ್ಟರ್ ದಿನಾ ಉದುರ್ತದೆ ಮಾರಾಯ್ರೆ, ಇಂಥ ಚಾನ್ಸ್ ಮತ್ತೆ ಸಿಗ್ಲಿಕ್ಕಿಲ್ಲ’ ಎಂದು ಪಿಸುಗುಟ್ಟುತ್ತಾರೆ.

1896ರ ಪ್ಲೇಗಿಗೆ ಹೆದರಿ ಬ್ರಿಟಿಷರು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. ಜನರಿಗೆ ಗಾಳಿ ಬೆಳಕು ಸಿಗಲಿ ಎಂದು ಆ ಟ್ರಸ್ಟು ದಾದರ್–ಮಾಟುಂಗಾ ಬಡಾವಣೆ ಹಾಕಿತು. ಅಗಲ ರಸ್ತೆ, ಸಾಲು ಮರ, ಫೈವ್ ಗಾರ್ಡನ್ಸ್, ತಗ್ಗಿದ ಕಟ್ಟಡಗಳು. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ, ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು ಬರುವ ನಮ್ಮವರು ತಲೆಮಾರುಗಳಿಂದ ಇಲ್ಲಿನ ಬಾಲ್ಕನಿಗಳಲ್ಲಿ ಹಪ್ಪಳ ಒಣಗಿಸಿದ್ದಾರೆ. ಈಗ ಬಾಲ್ಕನಿಯನ್ನು ಯಾರು ಕೇಳುತ್ತಾರೆ? ಬೆಲೆ ಇರುವುದು ಕಟ್ಟಡದ ತಲೆಯ ಮೇಲಿನ ಖಾಲಿ ಆಕಾಶಕ್ಕೆ. ಅದನ್ನು ಅಳೆಯುವ ಲೆಕ್ಕಕ್ಕೆ ಎಫ್‌ಎಸ್‌ಐ ಎನ್ನುತ್ತಾರೆ, ಅಂದರೆ ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅಂತ. ಆ ಆಕಾಶವನ್ನು ಬಿಲ್ಡರ್‌ಗೆ ಮಾರಿ ಹೊಸ ಮನೆ ಪಡೆಯಬೇಕಾದರೆ ಕೆಳಗಿನ ಕಟ್ಟಡ ದಾರಿ ಬಿಡಬೇಕು. ಅದು ಬೀಳುವಂತಿದ್ದರೆ ಕೆಲಸ ಸಲೀಸು.

ಬೀಳುವಂತಿದೆಯೇ ಎಂದು ಹೇಳಲು ಸ್ಟ್ರಕ್ಚರಲ್ ಆಡಿಟ್ ಇದೆ. 30 ವರ್ಷ ದಾಟಿದ ಕಟ್ಟಡಕ್ಕೆ ಅದು ಕಡ್ಡಾಯ. ಇಂಜಿನಿಯರ್ ಬಂದು ಕಂಬಕ್ಕೆ ಸುತ್ತಿಗೆಯಂಥದ್ದನ್ನು ಒತ್ತಿ ನೋಡುತ್ತಾರೆ. ಕಾಂಕ್ರೀಟ್ ಕೊರೆದು ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾದಂತೆ ಇಡೀ ಬಿಲ್ಡಿಂಗ್ ಕಾಯುತ್ತದೆ. ಸಿ1 ಬಂದರೆ ಕಟ್ಟಡ ಅಪಾಯಕಾರಿ, ಖಾಲಿ ಮಾಡಿ ಕೆಡವಬೇಕು. ಸಿ3 ಬಂದರೆ ಸಣ್ಣಪುಟ್ಟ ರಿಪೇರಿ ಸಾಕು. ಈ ಊರಲ್ಲಿ ಕಟ್ಟಡ ಕುಸಿದು ಜನ ಸತ್ತಿದ್ದಾರೆ, ಸಿ1 ಅಂದರೆ ತಮಾಷೆಯಲ್ಲ. ಆದರೂ ಪೇಢಾ ಹಂಚುವುದು ಸಿ1 ಬಂದಾಗಲೇ.

ಸಿ3 ಬಂದ ಕಡೆ ಯಾರೂ ಯಾರ ಮುಖ ನೋಡುವುದಿಲ್ಲ. ಅಂಥ ಒಂದು ಕಟ್ಟಡದ ಎರಡನೇ ಮಹಡಿಯ ಅಜ್ಜಿ ಕಣ್ಣೊರೆಸಿಕೊಂಡು ಹೇಳಿದರು: ‘ಇವರದ್ದೇ ತಪ್ಪು ಮಗಾ. ಕಟ್ಟುವಾಗ ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದ್ರು. ಸಿಮೆಂಟ್ ಕಮ್ಮಿ ಹಾಕ್ಲಿಕ್ಕೆ ಬಿಡ್ಲೇ ಇಲ್ಲ.’ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಯಜಮಾನರು ಏನೂ ಹೇಳಲಿಲ್ಲ. ಅವರ ಫೋಟೋಗೆ ಹೊಡೆದ ಮೊಳೆಯೂ ಅಲುಗಾಡುತ್ತಿರಲಿಲ್ಲ, ಪಾಪ.

ಪಗಡಿ ಕಟ್ಟಡದಲ್ಲಿ, ಅಂದರೆ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಆಮೇಲೆ ಚಿಲ್ಲರೆ ಬಾಡಿಗೆಗೆ ಕಾಯಂ ಇರುವ ಕಡೆ, ಕತೆ ಉಲ್ಟಾ. 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಹಾಗಾಗಿ ಮಾಲೀಕನಿಗೆ ಸಿಗುವ ತಿಂಗಳ ಬಾಡಿಗೆಯಲ್ಲಿ ಒಂದು ಒಳ್ಳೆಯ ಊಟವೂ ಕಷ್ಟ. ಅವನ ಇಂಜಿನಿಯರಿಗೆ ಕಂಬ ಅಲುಗಾಡುತ್ತದೆ. ಬಾಡಿಗೆದಾರರ ಇಂಜಿನಿಯರಿಗೆ ಅದೇ ಕಂಬ ಗುಂಡುಕಲ್ಲು. ಇಬ್ಬರ ವರದಿಗೂ ಸೀಲು, ಸಹಿ ಇರುತ್ತದೆ. ಇಂಥ ಜಗಳ ಬಿಡಿಸಲೆಂದೇ ಪಾಲಿಕೆ ಟೆಕ್ನಿಕಲ್ ಅಡ್ವೈಸರಿ ಕಮಿಟಿ ಇಟ್ಟುಕೊಂಡಿದೆ. ಅದು ತೀರ್ಮಾನ ಕೊಡುವವರೆಗೆ ಕಟ್ಟಡ ಬೀಳದೆ ಶಿಸ್ತಿನಿಂದ ನಿಂತಿರಬೇಕು.

ಪಗಡಿ ವ್ಯಾಪಾರವೂ ಹಾಗೇ. ಬಾಡಿಗೆದಾರ ತನ್ನದಲ್ಲದ ಮನೆ ಮಾರುತ್ತಾನೆ. ಮನೆ ಯಾರದ್ದೋ ಆ ಮಾಲೀಕ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಪಡೆದು ಸುಮ್ನಾಗುತ್ತಾನೆ. ಅಷ್ಟೆಲ್ಲ ಸುರಿದು ಕೊಂಡವನು ಬಾಡಿಗೆದಾರನಾಗುತ್ತಾನೆ! 1999ರ ಬಾಡಿಗೆ ಕಾಯ್ದೆ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ.

ಸೊಸೈಟಿಯ, ಅಂದರೆ ವಸತಿ ಸಹಕಾರ ಸಂಘದ, ಫ್ಲ್ಯಾಟ್ ಆದರೆ ಕೋಟಿಗಟ್ಟಲೆ ಕೊಟ್ಟ ಮೇಲೆ ಕೈಗೆ ಬರುವುದು 50 ರೂಪಾಯಿಯ ಕೆಲವು ಷೇರುಗಳ ಸರ್ಟಿಫಿಕೇಟ್. ಹೆಸರು ಬದಲಾಯಿಸಲು ಸೊಸೈಟಿ 25,000 ರೂಪಾಯಿಗಿಂತ ಜಾಸ್ತಿ ಪ್ರೀಮಿಯಂ ಕೇಳುವಂತಿಲ್ಲ. ಕೇಳುವುದೂ ಇಲ್ಲ. ಬಿಲ್ಡಿಂಗ್ ಫಂಡಿಗೆ ಸ್ವಯಂಪ್ರೇರಣೆಯಿಂದ ದೇಣಿಗೆ ಕೊಟ್ಟರೆ ಸಾಕು. ಎಷ್ಟು ಲಕ್ಷ ಎಂದು ಸೆಕ್ರೆಟರಿಯೇ ಪ್ರೇರಣೆ ಕೊಡುತ್ತಾರೆ.

ಆ ಫಂಡು ರಿಪೇರಿಗೆ ಅಂತ ತಿಳಿದಿರಾ? ಸಿ3 ಬಂದ ಅದೇ ಅಜ್ಜಿಯ ಸೊಸೈಟಿ ಮೊನ್ನೆ ಸಭೆ ಸೇರಿತು. ಕೆಡವಿ ಹೊಸದು ಕಟ್ಟಿಸುವ ರೀಡೆವಲಪ್‌ಮೆಂಟಿಗೆ 51% ಸದಸ್ಯರು ಒಪ್ಪಿದರೆ ಸಾಕು, ಆದರೆ ಪಾರ್ಕಿಂಗ್ ಯಾರಿಗೆ ಎಂಬಲ್ಲಿ ಜಗಳ ಹತ್ತಿ ಅಷ್ಟೂ ಕೂಡಲಿಲ್ಲ. ಎಲ್ಲರೂ ಒಂದಾದದ್ದು ಒಂದೇ ಒಂದು ವಿಷಯದಲ್ಲಿ. ನಡಾವಳಿ ಪುಸ್ತಕದಲ್ಲಿ ಹೀಗಿದೆ: ‘ಹಿಂಬದಿಯ ಕಂಬಕ್ಕೆ ಜಾಕೆಟಿಂಗ್ (ಸುತ್ತ ಹೊಸ ಕಾಂಕ್ರೀಟಿನ ಹೊದಿಕೆ) ಮಾಡಿಸುವ ಪ್ರಸ್ತಾಪವನ್ನು ಸರ್ವಾನುಮತದಿಂದ ತಿರಸ್ಕರಿಸಲಾಯಿತು. ಕಾರಣ: ಮಾಡಿಸಿದರೆ ಕಂಬ ಗಟ್ಟಿಯಾಗುವ ಸಂಭವವಿದೆ.’