ಅರಗದ ಮದುವೆ

ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಆರ್ ಎಂಬ ಯಂತ್ರಕ್ಕೆ ಅನುಮಾನ ಹುಟ್ಟುಗುಣ. ಟೇಪು ಮುಗಿಯಿತೇ, ಚಕ್ರಗಳು ತಿರುಗುತ್ತಿವೆಯೇ, ಒಳಗೆಲ್ಲಾದರೂ ತೇವ ಸೇರಿದೆಯೇ ಎಂದು ಅದು ಸದಾ ವಿಚಾರಿಸಿಕೊಳ್ಳುತ್ತಿರುತ್ತದೆ. ಒಂದು ಉತ್ತರ ಮನಸ್ಸಿಗೆ ಬಾರದಿದ್ದರೂ ಕೆಲಸ ನಿಲ್ಲಿಸಿ, ಕ್ಯಾಸೆಟ್ಟನ್ನು ಬಾಗಿಲಾಚೆ ನೂಕಿ, ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಸಾಗರದ ನಮ್ಮ ಚಿಕ್ಕಪ್ಪ ತಮ್ಮ ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಅಟ್ಟದಿಂದ ತೆಗೆಸಿದ ಯಂತ್ರವೂ ಇದನ್ನೇ ಮಾಡಿತು. ಕ್ಯಾಸೆಟ್ಟನ್ನು ಒಳಗೆಳೆದುಕೊಂಡು, ಗರ್ರೆಂದು ಸದ್ದು ಮಾಡಿ, ಕೆಲವು ಸೆಕೆಂಡು ಆಲೋಚಿಸಿ, ಉಗುಳಿತು.

"ನಮ್ಮ ಮದುವೆ ಅದಕ್ಕೂ ಅರಗ್ತಿಲ್ಲ ನೋಡಿ" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ರೋಗ ನಿರ್ಧರಿಸಿದರು.

ಯಂತ್ರಕ್ಕೆ ಮಳೆಗಾಲದ ಥಂಡಿ ಹಿಡಿದಿದೆ ಎಂಬುದು ಚಿಕ್ಕಪ್ಪನವರ ವಾದ. ಇದು ಬರೀ ಬುರುಡೆಯಲ್ಲ. ಟೇಪಿನಿಂದ ಚಿತ್ರ ಓದುತ್ತ ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ ಡ್ರಮ್ಮಿನ ಮೇಲೆ ತೇವವಿದ್ದರೆ ಟೇಪು ಅದಕ್ಕೆ ಅಂಟಿಕೊಂಡು ಹಾಳಾಗುತ್ತದೆಂದು ಅನೇಕ ವಿಸಿಆರ್‌ಗಳಲ್ಲಿ ತೇವ ಕಂಡುಹಿಡಿಯುವ ಸೆನ್ಸರ್ ಇಟ್ಟಿರುತ್ತಾರೆ. ಆದ್ದರಿಂದ ಮೇಲಿನ ಮುಚ್ಚಳ ಬಿಚ್ಚಿ, ಬಾಣಂತಿಕೋಣೆಯ ಆರೈಕೆಯಂತೆ 60 ವ್ಯಾಟಿನ ಹಳೆಯ ಬಲ್ಬೊಂದನ್ನು ನೆತ್ತಿಯ ಮೇಲೆ ಉರಿಸಿ ಶಾಖ ಕೊಡಲಾಯಿತು. ಅನಂತರ ಕ್ಯಾಸೆಟ್ ಹಾಕಿದರೆ, ಮೊದಲು ಕೆಲವು ಸೆಕೆಂಡಾದರೂ ಆಲೋಚಿಸುತ್ತಿದ್ದ ಯಂತ್ರ ಈಗ ಆ ಸೌಜನ್ಯವನ್ನೂ ಬಿಟ್ಟು, ಹಾಕಿದ ಮರುಕ್ಷಣವೇ ಹೊರಗೆ ತಳ್ಳಿತು.

ತಪ್ಪು ಬಲ್ಬಿನದು. ವಿಎಚ್‌ಎಸ್ ಎಂಬ ಈ ಬಗೆಯ ಕ್ಯಾಸೆಟ್ಟಿನ ಟೇಪಿಗೆ ಎರಡೂ ತುದಿಗಳಲ್ಲಿ ಪಾರದರ್ಶಕ ತುಂಡುಗಳಿರುತ್ತವೆ. ಕ್ಯಾಸೆಟ್ಟಿನ ನಡುವಿನ ರಂಧ್ರಕ್ಕೆ ತೂರಿಕೊಳ್ಳುವ ಪುಟ್ಟ ದೀಪದ ಬೆಳಕು ಆ ತುಂಡನ್ನು ಹಾಯ್ದು ಪಕ್ಕದ ಸೆನ್ಸರಿಗೆ ಬಿದ್ದರೆ, ಟೇಪು ತುದಿ ಮುಟ್ಟಿತೆಂದು ಅರ್ಥ. ಈ ಸೆನ್ಸರುಗಳ ಕಣ್ಣು ಮುಖ್ಯವಾಗಿ ಇನ್‌ಫ್ರಾರೆಡ್ ಕಿರಣದ ಕಡೆಗೆ, ಮತ್ತು ತಂತಿ ಕಾಯಿಸಿ ಉರಿಯುವ ಬಲ್ಬು ಧಾರಾಳವಾಗಿ ಚೆಲ್ಲುವುದೂ ಅದನ್ನೇ. ಮುಚ್ಚಳವಿಲ್ಲದ ಯಂತ್ರದ ಎರಡೂ ಸೆನ್ಸರುಗಳ ಮೇಲೆ ಒಟ್ಟಿಗೆ ಬೆಳಕು ಬಿದ್ದಾಗ, ಟೇಪು ಏಕಕಾಲಕ್ಕೆ ಆದಿಯಲ್ಲೂ ಅಂತ್ಯದಲ್ಲೂ ಇದೆ ಎಂಬ ವೇದಾಂತ ಅದಕ್ಕೆ ಹೊಳೆದಿರಬೇಕು. ಅಂಥ ಟೇಪನ್ನು ಯಾವ ವಿಸಿಆರ್ ತಾನೇ ಇಟ್ಟುಕೊಂಡೀತು?

ಬಲ್ಬು ಆರಿಸಿದೆವು, ಕಿಟಕಿ ಮುಚ್ಚಿದೆವು; ಸಾಲದೆಂದು ಚಿಕ್ಕಪ್ಪ ಯಂತ್ರಕ್ಕೆ ಕಪ್ಪು ಕೊಡೆ ಹಿಡಿದು ಕುಳಿತರು. ಹಾಲು ತಂದಿದ್ದ ಹುಡುಗ ಮನೆಯೊಳಗಿನ ಕೊಡೆ ನೋಡಿ, ಸೂರು ಸೋರುತ್ತಿದೆಯೇನೋ ಎಂದು ತಲೆ ಎತ್ತಿ ನೋಡಿದ. ಆ ನೆರಳಿನಲ್ಲಿ ರೋಗದ ಮೂಲ ಕಾಣಿಸಿತು. ಎರಡು ಗೂಟಗಳು ಟೇಪನ್ನು ಎಳೆದು ಡ್ರಮ್ಮಿಗೆ ಸುತ್ತಿದವು, ಡ್ರಮ್ ತಿರುಗಿತು, ಆದರೆ ಟೇಪನ್ನು ಸುತ್ತಿಕೊಳ್ಳಬೇಕಾದ ಬಲಗಡೆಯ ಚಕ್ರ ಮಾತ್ರ ಅಲುಗಲಿಲ್ಲ. ಚಕ್ರ ತಿರುಗುತ್ತಿಲ್ಲವೆಂದರೆ ಟೇಪು ಹೊಟ್ಟೆಯೊಳಗೇ ರಾಶಿ ಬೀಳುತ್ತದೆಂದು ಯಂತ್ರ ಗಾಬರಿಯಿಂದ ಕೈಬಿಡುತ್ತಿತ್ತು. ಪ್ರತಿ ಸಲವೂ ಹೊರಬಂದ ಕ್ಯಾಸೆಟ್ಟಿನ ಅಂಚಿನಲ್ಲಿ ಜೋತಾಡುತ್ತಿದ್ದ ಟೇಪಿನ ಕುಣಿಕೆ ಇದನ್ನೇ ಹೇಳುತ್ತಿದ್ದರೂ, ಎಲ್ಲರೂ ಅದನ್ನು ಬೆರಳಿನಿಂದ ಸುತ್ತಿ ಒಳಗೆ ಸೇರಿಸುವುದರಲ್ಲೇ ಮಗ್ನರಾಗಿದ್ದರು.

ಚಕ್ರಕ್ಕೆ ಚಾಲನೆ ಕೊಡುವ ಪುಟ್ಟ ಗಾಲಿಯ ರಬ್ಬರು ಗಟ್ಟಿಯಾಗಿ, ನುಣುಪಾಗಿ, ಹಿಡಿತ ಕಳೆದುಕೊಂಡಿತ್ತು. ಹೊಸದು ಕೇಳೋಣವೆಂದರೆ, ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ ಕೂಡ 2016ರಲ್ಲೇ ಕೈಚೆಲ್ಲಿದೆ. ಪ್ಲಗ್ ಕಿತ್ತು, ರಬ್ಬರಿನ ಮೇಲೆ ನಯವಾದ ಮರಳುಕಾಗದ ಆಡಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಚಕ್ರ ತಿರುಗಿತು. ಇದು ಹೆಚ್ಚು ಕಾಲ ಬಾಳುವ ಚಿಕಿತ್ಸೆಯಲ್ಲ; ಆದರೆ ಒಂದು ಮದುವೆಗೆ ಸಾಕು.

ಟಿವಿಯಲ್ಲಿ ಓಲಗ ಮೊಳಗಿತು. ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದು ಕುಳಿತು, ಯಾರು ಯಾವ ಸೀರೆ ಉಟ್ಟಿದ್ದರು, ಯಾರ ಮುಖ ಆಗಲೇ ಗಂಟಿಕ್ಕಿತ್ತು ಎಂದು ಪಟ್ಟಿ ಮಾಡತೊಡಗಿದರು. ಚಿಕ್ಕಪ್ಪನಿಗೆ ಮಾತ್ರ ಮುಚ್ಚಳ ಹಾಕಲು ಮನಸ್ಸಿಲ್ಲ. ಕೊಡೆಯಡಿ ತಲೆ ತೂರಿಸಿ ಚಕ್ರವನ್ನೇ ಕಾಯುತ್ತಿದ್ದರು.

"ರೀ, ಇಲ್ಲಿ ನೋಡಿ, ತಾಳಿ ಕಟ್ತಿದೀರಿ!"

"ತಿರುಗ್ತಾ ಇದೆ ಕಣೇ, ತಿರುಗ್ತಾ ಇದೆ" ಎಂದರು ಚಿಕ್ಕಪ್ಪ, ತಲೆ ಎತ್ತದೆ.