ಸತ್ಯಾಂಶ: ಸಂಬಳವಿಲ್ಲದ ಹುದ್ದೆಯನ್ನೂ ತಿಳಿಸಬೇಕು

'ದುಡ್ಡು ಪಡೆಯದಿದ್ದರೆ ಹಿತಾಸಕ್ತಿ ಘೋಷಿಸಬೇಕಿಲ್ಲ. ಘೋಷಿಸಿದರೆ ಪ್ರಬಂಧ ತಿರಸ್ಕೃತ' ಎಂಬ ಸಂದೇಶ ಸಂಶೋಧಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. (ಹಿತಾಸಕ್ತಿ ಎಂದರೆ ಅಧ್ಯಯನದ ಮೇಲೆ ಪ್ರಭಾವ ಬೀರಬಹುದಾದ ಹಣ, ಹುದ್ದೆ ಅಥವಾ ಸಂಬಂಧ.)

ಶಿರಸಿಯ ಪ್ರಾಧ್ಯಾಪಕರೊಬ್ಬರು ಅಡಿಕೆ ಮತ್ತು ಬಾಯಿ ಕ್ಯಾನ್ಸರ್ ಕುರಿತು ಅಧ್ಯಯನ ಮಾಡುತ್ತ, ಅಡಿಕೆ ಮಾರಾಟ ಸಂಘದ ನಿರ್ದೇಶಕರೂ ಆಗಿದ್ದಾರೆನ್ನಿ. ಗೌರವಧನ ಸೊನ್ನೆ. ಆದರೂ ಬರೆಯಲೇಬೇಕು: ವೈದ್ಯಕೀಯ ಪತ್ರಿಕೆಗಳು ಕೇಳುವ ಐಸಿಎಂಜೆಇ (ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಮೂನೆಯಲ್ಲಿ ಇಂಥ ಹುದ್ದೆಗಳನ್ನು ಸಂಬಳವಿದ್ದರೂ ಇಲ್ಲದಿದ್ದರೂ ಕಾಣಿಸಬೇಕು. ಇದೇ ಅಧ್ಯಯನಕ್ಕೆ ಬಂದ ನೆರವಿಗೆ ಕಾಲಮಿತಿಯಿಲ್ಲ. ಉಳಿದ ಸಂಬಂಧಗಳಿಗೆ ಹಿಂದಿನ 36 ತಿಂಗಳು. ಷೇರು, ಪೇಟೆಂಟ್, ಸಲಹಾ ಶುಲ್ಕ, ಕಂಪನಿ ಕೊಟ್ಟ ಪ್ರಯಾಣವೆಚ್ಚ (ಇದನ್ನೇ ಹೆಚ್ಚಿನವರು ಮರೆಯುವುದು) ಎಲ್ಲವೂ ಸೇರುತ್ತವೆ.

ಘೋಷಣೆ ತಪ್ಪೊಪ್ಪಿಗೆಯಲ್ಲ. ಸಾಮಾನ್ಯವಾಗಿ ಪ್ರಬಂಧದ ಕೊನೆಯಲ್ಲಿ ಒಂದೆರಡು ಸಾಲಾಗಿ ಅಚ್ಚಾಗುತ್ತದೆ, ಅಷ್ಟೆ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ತಿದ್ದುಪಡಿ, ಕೆಲವೊಮ್ಮೆ ಪ್ರಕಟವಾದ ಪ್ರಬಂಧವನ್ನೇ ಪತ್ರಿಕೆ ಹಿಂಪಡೆಯುತ್ತದೆ. ಪತ್ರಿಕೆಗೆ ಹೇಳಿದ್ದು ವಿಶ್ವವಿದ್ಯಾಲಯಕ್ಕೆ ಹೇಳಿದಂತಲ್ಲ. ಹೊರಗಿನ ಹುದ್ದೆ ಒಪ್ಪುವ ಮೊದಲೇ ಕುಲಸಚಿವರ ಕಚೇರಿಗೆ ಪತ್ರ ಬರೆದು ಅನುಮತಿ ಬೇಕೇ ಎಂದು ಕೇಳಿ.